ಹಿಂದೆ ಉಳಿದ ಮೂವರು

(ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬ ಹುಡುಗನ ಕಥೆ. ಅವನು ಮತ್ತು ಅವನ ತಾಯಿ ಒಪ್ಪಿದ ಮೇಲೆ ಬರೆದಿದ್ದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗನಿಗೆ ಹತ್ತೊಂಬತ್ತು. ಡಿಗ್ರಿ ಎರಡನೇ ವರ್ಷ. ಮೂರು ವಾರದಿಂದ ಕಾಲೇಜಿನ ಕಡೆ ಹೋಗಿರಲಿಲ್ಲ. ತಾಯಿ ಕೂರುವ ಮೊದಲೇ ಶುರು ಮಾಡಿದರು: "ಚಿಕ್ಕಂದಿನಿಂದ ಎಲ್ಲದಕ್ಕೂ ಇವ್ನೇ ಲೀಡರ್ ಮೇಡಂ. ಸ್ಕೌಟಲ್ಲೂ ಇವ್ನೇ, ಕ್ಲಾಸಲ್ಲೂ ಇವ್ನೇ. ಈಗ ರೂಮಿಂದ ಹೊರಗೇ ಬರಲ್ಲ."

ಆಗಿದ್ದು ಇಷ್ಟು. ನಾಯಕತ್ವ ತರಬೇತಿ ಅಂತ ಕಾಲೇಜಿನವರು ಹನ್ನೆರಡು ಜನರನ್ನು ಕುಮಾರ ಪರ್ವತಕ್ಕೆ ಕರೆದುಕೊಂಡು ಹೋಗಿದ್ದರು. ಮೊದಲ ದಿನದ ಲೀಡರ್ ಇವನು. ಕುಕ್ಕೆಯಿಂದ ಗಿರಿಗದ್ದೆಯವರೆಗೆ ದಟ್ಟ ಕಾಡು, ಕಡಿದಾದ ಏರು. ಅಲ್ಲಿ ಭಟ್ಟರ ಮನೆ ದಾಟಿದರೆ ಹುಲ್ಲುಗುಡ್ಡ, ನೆರಳೇ ಇಲ್ಲ. 1712 ಮೀಟರ್ ಎತ್ತರದ ಶಿಖರ ಇನ್ನೂ ದೂರ. ಇವನು ಬಿರಬಿರನೆ ನಡೆಯುವವರನ್ನು ಕಟ್ಟಿಕೊಂಡು ಕಲ್ಲುಮಂಟಪ ಮುಟ್ಟಿದ. ಹಿಂದೆ ಒಬ್ಬ ಹುಡುಗಿಗೆ ಮಂಡಿ ಹಿಡಿದುಕೊಂಡಿತ್ತು. ಅವಳ ಜೊತೆ ಇಬ್ಬರು ನಿಂತರು. ಮೂವರ ಬಾಟಲಿಯೂ ಖಾಲಿ. ಬಿಸಿಲಲ್ಲಿ ಒಂದೂವರೆ ಗಂಟೆ ಕೂತರು. ಅವಳಿಗೆ ವಾಂತಿಯಾಯಿತು. ಕೊನೆಗೆ ಮೇಷ್ಟ್ರು ಬಂದು ಕೆಳಗೆ ಇಳಿಸಿದರು.

ಯಾರೂ ಇವನನ್ನು ಬೈಯಲಿಲ್ಲ. ಆದರೆ ರಾತ್ರಿ ಊಟಕ್ಕೆ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಮರುದಿನ ಬೇರೆ ಲೀಡರ್. ಆಮೇಲೆ ಬಸ್ ಹತ್ತಿದರು, ಅಷ್ಟೇ. ನನಗೆ ಜಾಸ್ತಿ ಸಂಕಟವಾಗಿದ್ದು ಇದನ್ನು ಕೇಳಿಯೇ. ಮಕ್ಕಳನ್ನು ಬೆಟ್ಟ ಹತ್ತಿಸಿದ ಮೇಲೆ ಸಂಜೆ ಸುತ್ತ ಕೂರಿಸಿ "ಇವತ್ತು ಏನಾಯ್ತು, ಹೇಳಿ" ಅಂತ ಕೇಳದಿದ್ದರೆ ಅದು ಟೂರ್, ತರಬೇತಿ ಅನ್ನಿಸಿಕೊಳ್ಳುವುದಿಲ್ಲ. ಆ ರಾತ್ರಿ ಅರ್ಧ ಗಂಟೆ ಮಾತಾಡಿದ್ದರೆ ಈ ಹುಡುಗ ನನ್ನ ಹತ್ತಿರ ಬರಬೇಕಾಗಿರಲಿಲ್ಲವೇನೋ.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ಕೇಳಿದೆ. ನಿದ್ದೆ ಕೆಟ್ಟಿತ್ತು. ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಎರಡನೇ ಸಲ ಬಂದಾಗ ಒಂದು ದೊಡ್ಡ ಹಾಳೆ ಕೊಟ್ಟೆ. "ಆ ದಾರಿ ಬರಿ. ಎಷ್ಟೊತ್ತಿಗೆ ಯಾರು ಎಲ್ಲಿದ್ರು ಅಂತ ಗುರುತು ಹಾಕು" ಅಂದೆ. ಕಾಡು, ಗಿರಿಗದ್ದೆಯ ಚೆಕ್‌ಪೋಸ್ಟ್, ಕಲ್ಲುಮಂಟಪ ಎಲ್ಲ ಚೆನ್ನಾಗಿ ಬಂತು. ತಾನು ಎಲ್ಲೆಲ್ಲಿದ್ದೆ ಅಂತಲೂ ಬಂತು. ಉಳಿದ ಹನ್ನೊಂದು ಜನರಲ್ಲಿ ನಾಲ್ವರನ್ನು ಬರೆಯುವಷ್ಟರಲ್ಲಿ ಪೆನ್ಸಿಲ್ ನಿಂತಿತು. ತುಂಬ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ, "ಗೊತ್ತಿಲ್ಲ ಮೇಡಂ. ನಾನು ತಿರುಗಿ ನೋಡ್ಲೇ ಇಲ್ಲ" ಅಂದ. ಅತ್ತ. ನಾನು ಅಳಲು ಬಿಟ್ಟೆ.

ಸ್ಕೌಟಿನಲ್ಲಿದ್ದವನಲ್ವಾ, ಅಲ್ಲಿಂದಲೇ ಮಾತು ಮುಂದುವರಿಸಿದೆ. 1907ರಲ್ಲಿ ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ, ಅಂದರೆ ಚಿಕ್ಕ ಚಿಕ್ಕ ತಂಡಗಳಾಗಿ ಹಂಚಿದ್ದರು. ಒಂದೊಂದಕ್ಕೂ ಹುಡುಗರಲ್ಲೇ ಒಬ್ಬ ಲೀಡರ್. "ಪೆಟ್ರೋಲ್ ಯಾಕೆ ಇಷ್ಟು ಚಿಕ್ಕದು, ಯಾವತ್ತಾದ್ರೂ ಯೋಚಿಸಿದ್ಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: "ಪ್ರತಿಯೊಬ್ಬರನ್ನೂ ನೋಡ್ಕೊಳ್ಳೋಕೆ ಆಗ್ಲಿ ಅಂತ."

ಅವನಿಗೆ ಕೊಟ್ಟ ಸಲಹೆ ಮೂರು. ಒಂದು, ಆ ಮೂವರನ್ನೂ ಒಬ್ಬೊಬ್ಬರಾಗಿ ಕಂಡು ಕ್ಷಮೆ ಕೇಳು. ವಾಟ್ಸಾಪ್ ಗ್ರೂಪಿನಲ್ಲಿ ಬೇಡ. "ಆದ್ರೆ ನಾನು..." ಅಂತ ಶುರುವಾಗುವ ವಾಕ್ಯ ಬೇಡವೇ ಬೇಡ. ಅವರು ಕ್ಷಮಿಸಲೇಬೇಕು ಅಂತಲೂ ಇಲ್ಲ.

ಎರಡು, ಮತ್ತೆ ಚಾರಣಕ್ಕೆ ಹೋದಾಗ ಕೊನೆಯವನಾಗಿ ನಡಿ. ಅನುಭವ ಇರುವ ತಂಡಗಳು ನಿಧಾನ ನಡೆಯುವವರನ್ನು ಮುಂದೆ ಬಿಡುತ್ತವೆ, ಗಟ್ಟಿ ಆಳು ಹಿಂದೆ ಇರುತ್ತಾನೆ. ಅವನಿಗಿಂತ ಹಿಂದೆ ಯಾರೂ ಉಳಿಯಬಾರದು. ನಿಂತಲ್ಲೆಲ್ಲ ತಲೆ ಎಣಿಸಬೇಕು, ಯಾರ ಬಾಟಲಿಯಲ್ಲಿ ಎಷ್ಟು ನೀರಿದೆ ಅಂತ ಕೇಳಬೇಕು.

ಮೂರನೆಯದು ಅವನಿಗೆ ಇಷ್ಟವಾಯಿತು. ರಾಮನಗರದ ಬಂಡೆಗಳಲ್ಲಿ ಹತ್ತುವುದನ್ನು ಕಲಿಸುತ್ತಾರೆ. ಅಲ್ಲಿಗೆ ಹೋಗು, ಹತ್ತುವುದಕ್ಕಿಂತ ಮೊದಲು ಬಿಲೇ ಕಲಿ, ಅಂದರೆ ಹತ್ತುವವನ ಹಗ್ಗ ಹಿಡಿದು ಕಾಯುವುದನ್ನು ಕಲಿ ಅಂದೆ. ಮೇಲೆ ಹೋಗುವವನ ಹಗ್ಗ ಕೆಳಗಿನವನ ಕೈಯಲ್ಲಿರುತ್ತದೆ. "ಆನ್ ಬಿಲೇ?" ಅಂತ ಅವನು ಕೇಳಿ, "ಬಿಲೇ ಆನ್" ಅಂತ ಇವನು ಹೇಳುವವರೆಗೆ ಕಾಲು ನೆಲ ಬಿಡುವುದಿಲ್ಲ. ಆಮೇಲೆ ಕಣ್ಣು ಆಚೀಚೆ ಹೋಗುವ ಹಾಗಿಲ್ಲ, ಕೈ ಹಗ್ಗ ಬಿಡುವ ಹಾಗಿಲ್ಲ. ಹೊಸಬರ ಪಕ್ಕದಲ್ಲಿ ತರಬೇತುದಾರರು ಇರಲೇಬೇಕು, ಅದನ್ನು ಒತ್ತಿ ಹೇಳಿದೆ.

ತಂದೆ ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಮಾತಾಡುತ್ತೇನೆ ಅಂದಿದ್ದರಂತೆ. ಬೇಡ ಅಂದೆ. ತಾಯಿಗೆ ಹೇಳಿದ್ದು ಒಂದೇ: "ಮನೇಲಿ ಸ್ವಲ್ಪ ದಿನ ಲೀಡರ್ ಅನ್ನೋ ಮಾತು ಬಿಡಿ ಅಮ್ಮ. ಮನೆಗೆ ಬಂದ್ರೆ ಇವತ್ತು ಯಾರ ಜೊತೆ ಊಟ ಮಾಡ್ದೆ ಅಂತ ಕೇಳಿ." ಅವರಿಗೆ ಬೇಜಾರಾಯಿತು, ಮುಖದಲ್ಲೇ ಕಂಡಿತು. ಮಗನ ಬಗ್ಗೆ ಅಷ್ಟು ವರ್ಷ ಹೆಮ್ಮೆಯಿಂದ ಆಡಿದ ಮಾತು ಅದು. ಆದರೂ ಬಿಟ್ಟರು.

ನಾಲ್ಕನೇ ವಾರ ಕಾಲೇಜಿಗೆ ಹೋದ. ಆ ಮೂವರಲ್ಲಿ ಇಬ್ಬರು ಆಗಲೇ ಮಾತಾಡಿದರು. ಮಂಡಿ ನೋವಿನ ಹುಡುಗಿ ಹೇಳಿದಳಂತೆ: "ಕಾಲು ನೋವು ಹೋಯ್ತು. ನೀನು ಕರೆದ್ರೂ ಕೇಳಿಸದ ಹಾಗೆ ಹೋದ್ಯಲ್ಲ, ಅದು ಇನ್ನೂ ಹೋಗಿಲ್ಲ." ಇದನ್ನು ಹೇಳುವಾಗ ಅವನು ತಲೆ ತಗ್ಗಿಸಲಿಲ್ಲ. ರಾಮನಗರಕ್ಕೆ ಎರಡು ಭಾನುವಾರ ಹೋಗಿ ಬಂದಿದ್ದಾನೆ. ಕ್ಲಾಸ್ ಲೀಡರ್ ಆಗು ಅಂತ ಮತ್ತೆ ಕೇಳಿದ್ದಾರೆ. ಅವನಿನ್ನೂ ಉತ್ತರ ಕೊಟ್ಟಿಲ್ಲ, ನಾನೂ ಅವಸರ ಮಾಡಿಲ್ಲ.