ಕನ್ನೋಲಿಗೆ ಪನೀರು ತುಂಬಬೇಡಿ

ಡೊಂಬಿವಲಿಯ ಅಕ್ಕನ ಪೋಸ್ಟ್ ನೋಡಿದೆ. ಪನೀರು ರುಬ್ಬಿ, ವಿಪ್ಪಿಂಗ್ ಕ್ರೀಮ್ ಕೂಡಿಸಿ, ಶನಿವಾರ ರಾತ್ರಿಯೇ ಕನ್ನೋಲಿಗೆ (ಇಟಲಿಯ ಸಿಸಿಲಿ ದ್ವೀಪದ ಸಿಹಿ, ಕರಿದ ಕೊಳವೆಯೊಳಗೆ ಹೂರಣ) ತುಂಬಿಸಿ ಫ್ರಿಜ್‌ನಲ್ಲಿಟ್ಟರಂತೆ. ಭಾನುವಾರ ಮಧ್ಯಾಹ್ನಕ್ಕೆ ಎಲ್ಲ ನೆನೆದ ಹಪ್ಪಳ. ಈಗ ಮುಂಬೈನ ಬಾಂದ್ರಾ ಕಡೆ ಅಸಲಿ ಕನ್ನೋಲಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಿದ್ದಾರೆ. ಇದೇ ತಪ್ಪನ್ನು ನಾನೂ ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು. ಪೋಸ್ಟ್ ಕೆಳಗೆ ಮೂರು ಜನ ಹಿಟ್ಟಿಗೆ ಕಾರ್ನ್‌ಫ್ಲೋರ್ ಹಾಕಿ ಅಂದಿದ್ದಾರೆ. ಬೇಡ. ದೋಷ ಕೊಳವೆಯದ್ದಲ್ಲ, ಒಳಗಿನ ಹೂರಣದ್ದು.

ಒಳಗೆ ತುಂಬಬೇಕಾದದ್ದು ರಿಕೊಟ್ಟಾ, ಆ ಹೆಸರಿಗೆ ಮತ್ತೆ ಕಾಯಿಸಿದ್ದು ಅಂತಲೇ ಅರ್ಥ. ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಹಾಕಿ ಚೀಸ್ ತೆಗೆದ ಮೇಲೆ ಉಳಿದ ನೀರನ್ನು 85–90 ಡಿಗ್ರಿಗೆ ಕಾಯಿಸಿದರೆ ಮೇಲೆ ತೇಲಿ ಬರುತ್ತದಲ್ಲ, ಗಿಣ್ಣಿನಷ್ಟು ಮೆತ್ತಗಿನದು, ಅದು. ಸಿಸಿಲಿಯಲ್ಲಿ ಕುರಿ ಹಾಲಿನದು. ಪನೀರು ಪೂರಾ ಬೇರೆ ಜಾತಿ. ಎಷ್ಟು ರುಬ್ಬಿದರೂ ನಾಲಗೆಗೆ ರವೆ ರವೆ, ಸಕ್ಕರೆ ಬಿದ್ದ ಕೂಡಲೇ ನೀರು ಬಿಡುತ್ತದೆ. ಪನೀರು ಒಡೆದ ನೀರಿನಿಂದಲೇ ರಿಕೊಟ್ಟಾ ಮಾಡಿ ಅಂತ ಒಬ್ಬರು ಬರೆದಿದ್ದಾರೆ, ಗ್ಯಾಸ್ ದಂಡ. ಪನೀರಿಗೆ ಹಾಲನ್ನು ಕುದಿಸಿರುತ್ತೇವೆ. ಆ ಕಾವಿಗೆ ನೀರಿನಲ್ಲಿ ಉಳಿಯಬೇಕಾದ ಪ್ರೋಟೀನೂ ಪನೀರಿನ ಜೊತೆಗೇ ಹೋಗಿರುತ್ತದೆ. ಶ್ರೀಖಂಡದ ಚಕ್ಕಾ ಬಸಿದ ನೀರು ಮೊದಲೇ ಹುಳಿ, ಅದೂ ಬೇಡ. ಮೊಜರೆಲ್ಲಾ ಮಾಡುವವರು ಯಾರಾದರೂ ಗೊತ್ತಿದ್ದರೆ ಅದೇ ದಿನದ ನೀರು ತನ್ನಿ, 10 ಲೀಟರಿಗೆ ಅರ್ಧ ಕಿಲೋ ಬಂದರೆ ಹೆಚ್ಚು.

ಅದಿಲ್ಲದವರಿಗೆ ಹಾಲಿನದ್ದೇ ಗತಿ, ಪರವಾಗಿಲ್ಲ. 2 ಲೀಟರ್ ಹಾಲು, 200 ಮಿ.ಲೀ. ಅಮುಲ್ ಫ್ರೆಶ್ ಕ್ರೀಮ್, ಅರ್ಧ ಚಮಚ ಉಪ್ಪು. (ಆ ಕ್ರೀಮಿನಲ್ಲಿ ಕೊಬ್ಬು 25%, ಬೀಟ್ ಮಾಡಿದರೆ ನಿಲ್ಲುವುದಿಲ್ಲ, ಇಲ್ಲಿಗೆ ಸರಿ.) ಪ್ಯಾಕೆಟ್ ಹಾಲು ನಡೆಯುತ್ತದೆ, ಟೆಟ್ರಾಪ್ಯಾಕ್ ಬೇಡವೇ ಬೇಡ, ಸರಿಯಾಗಿ ಒಡೆಯುವುದಿಲ್ಲ. ಎಮ್ಮೆ ಹಾಲು ಅಂದರೆ ಮೂಗು ಮುರಿಯಬೇಡಿ, ನೇಪಲ್ಸ್ ಕಡೆ ಎಮ್ಮೆ ಹಾಲಿನ ರಿಕೊಟ್ಟಾನೇ ಇದೆ. ಆದರೆ ಈ ವಿನೆಗರ್ ವಿಧಾನಕ್ಕೆ ಬರೀ ಎಮ್ಮೆ ಹಾಲು ತುಸು ಗಡುಸು, ಅರ್ಧ ಹಸುವಿನದು ಬೆರೆಸಿ. ಸಣ್ಣ ಉರಿಯಲ್ಲಿ 85 ಡಿಗ್ರಿ. ಕುದಿ ಬಂತೋ ಪನೀರಾಯಿತು ಅಂದುಕೊಳ್ಳಿ. ಉರಿ ಆರಿಸಿ 3 ದೊಡ್ಡ ಚಮಚ ಬಿಳಿ ವಿನೆಗರನ್ನು ಅಷ್ಟೇ ನೀರಿಗೆ ಬೆರೆಸಿ ಸುತ್ತಲೂ ಹನಿಸಿ, ಎರಡೇ ಸುತ್ತು ತಿರುಗಿಸಿ, ಸೌಟು ಕೆಳಗಿಡಿ. ನೀರು ತಿಳಿಯಾಗದಿದ್ದರೆ ಮಾತ್ರ ಇನ್ನೊಂದು ಚಮಚ. ಮುಚ್ಚಿ 20 ನಿಮಿಷ. ಆಮೇಲೆ ಜಾಲರಿ ಸೌಟಿನಲ್ಲಿ ಎತ್ತಿ ಬಟ್ಟೆಗೆ ಹಾಕಿ, ಸುರಿಯಬೇಡಿ, ಹಿಂಡಬೇಡಿ, ಮೇಲೆ ಕಲ್ಲು ಹೇರಬೇಡಿ. ಜರಡಿಯ ಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿ ತಾನಾಗಿ ಬಸಿಯಲಿ. ಅವಸರ ಮಾಡಿದವರ ಕೊಳವೆಯೇ ನೆನೆಯುವುದು.

500 ಗ್ರಾಂ ಬಸಿದ ರಿಕೊಟ್ಟಾಕ್ಕೆ 150 ಗ್ರಾಂ ಸಕ್ಕರೆ ಪುಡಿ. ಕಲಸಿ ಒಂದು ಗಂಟೆ ಬಿಟ್ಟು ಸಣ್ಣ ಜರಡಿಯಲ್ಲಿ ಎರಡು ಸಲ ಒತ್ತಿ ಇಳಿಸಿ. ಮಿಕ್ಸಿಗೆ ಹಾಕಿದಿರೋ ಮಜ್ಜಿಗೆ. ನಾನ್-ಡೈರಿ ವಿಪ್ ಹತ್ತಿರವೂ ತರಬೇಡಿ, ಅದು ವನಸ್ಪತಿ ಎಣ್ಣೆಯ ನೊರೆ, ಬರ್ತ್‌ಡೇ ಕೇಕಿಗೆ ಇರಲಿ. ಟುಟ್ಟಿ ಫ್ರುಟ್ಟಿಯೂ ಬೇಡ, ಸಕ್ಕರೆಯಲ್ಲಿ ಬೆಂದ ಪಪ್ಪಾಯಿಕಾಯಿ ಅದು. ಸಿಸಿಲಿಯವರು ಹಾಕುವುದು ಕಿತ್ತಳೆ ಇಲ್ಲವೇ ಮಾದಲದ ಸಿಪ್ಪೆ. ನಮ್ಮ ಮಾದಲ, ಮರಾಠಿಯವರ ಮ್ಹಾಳುಂಗ. ಸಿಕ್ಕಾಗ ಬಿಡಬೇಡಿ, ಮಾತುಂಗಾ ಮಾರ್ಕೆಟ್‌ನ ತರಕಾರಿಯವರಿಗೆ ಹೇಳಿಟ್ಟರೆ ತರಿಸಿಕೊಡಬಹುದು. ದಪ್ಪ ಬಿಳಿ ತಿರುಳಿನ ಸಮೇತ ಹೆಚ್ಚಿ, ಮೂರು ಸಲ ನೀರು ಬದಲಿಸಿ ಬೇಯಿಸಿ, ಸಮತೂಕ ಸಕ್ಕರೆ ಪಾಕದಲ್ಲಿ ದಿನಕ್ಕೊಂದು ಕುದಿ ಕೊಟ್ಟು ನಾಲ್ಕೈದು ದಿನ. ಒಂದೇ ದಿನದಲ್ಲಿ ಮುಗಿಸಲು ಹೋದರೆ ಚರ್ಮದಂತೆ ಸೆಟೆಯುತ್ತದೆ.

ಕೊಳವೆ: ಮೈದಾ 250, ಸಕ್ಕರೆ 20, ಕೋಕೋ 5, ಗಟ್ಟಿ ತುಪ್ಪ 30 ಗ್ರಾಂ, ಚಿಟಿಕೆ ಉಪ್ಪು, ವಿನೆಗರ್ ಒಂದು ದೊಡ್ಡ ಚಮಚ, ವೈನ್ 60–70 ಮಿ.ಲೀ. ಸಿಸಿಲಿಯ ಮಾರ್ಸಾಲಾ ವೈನಿಗೆ ದುಡ್ಡು ಸುರಿಯುವುದು ಬೇಡ, ಗೋವಾದ ಸಿಹಿ ಪೋರ್ಟ್ ವೈನ್ ಸಾಕು. ಗೋವಾದಲ್ಲೇ ಇರುವವರಿಗೆ ಕಳ್ಳಿನ ವಿನೆಗರೂ ಸಿಗುತ್ತದೆ. ವೈನ್ ಬೇಡದವರು ಕಪ್ಪು ದ್ರಾಕ್ಷಿ ರಸ ಹಾಕಿ ವಿನೆಗರ್ ಇನ್ನೊಂದು ಚಮಚ ಏರಿಸಿ. ಮೂಲದಲ್ಲಿ ತುಪ್ಪದ ಬದಲು ಹಂದಿ ಕೊಬ್ಬು, ತಿನ್ನುವವರು ಅದನ್ನೇ ಹಾಕಿ, ಇನ್ನೂ ಗರಿ. ಪೂರಿ ಹಿಟ್ಟಿಗಿಂತ ಗಟ್ಟಿ ಕಲಸಿ, ಒಂದು ಗಂಟೆ ಮುಚ್ಚಿಟ್ಟು, ಒಂದೂವರೆ ಮಿ.ಮೀ.ಗೆ ಲಟ್ಟಿಸಿ. ಕರ್ಜಿಕಾಯಿಯಲ್ಲಿ ಗುಳ್ಳೆ ಬಂದರೆ ಅಜ್ಜಿ ಬೈಯುತ್ತಿದ್ದರು, ಇಲ್ಲಿ ಗುಳ್ಳೆ ಬರದಿದ್ದರೆ ಸೋತಂತೆ. ಗುಳ್ಳೆ ಎಬ್ಬಿಸುವುದು ಆ ವೈನ್, ವಿನೆಗರಿನ ತೇವ. ಲಟ್ಟಿಸಿದ್ದನ್ನು ಸ್ಟೀಲ್ ನಳಿಗೆಗೆ ಸುತ್ತಿ, ಅಂಟಿಸಲು ಅಂಚಿಗೆ ಮೊಟ್ಟೆಯ ಬಿಳಿ ಹಚ್ಚುವಾಗ ಅದು ನಳಿಗೆಗೆ ತಾಗಿದರೆ ಬಿಡಿಸಲು ಬರುವುದಿಲ್ಲ, ಒಡೆಯುತ್ತದೆ. ಎಣ್ಣೆ 175–180 ಡಿಗ್ರಿ, ಎರಡು ನಿಮಿಷದೊಳಗೆ. ನಳಿಗೆ ಕ್ರಾಫರ್ಡ್ ಮಾರ್ಕೆಟ್‌ನ ಬೇಕಿಂಗ್ ಅಂಗಡಿಗಳಲ್ಲಿ ಕೇಳಿ. ಕ್ರೀಮ್ ರೋಲಿನ ಕೋನ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಉದ್ದನೆಯ ನೇರ ನಳಿಗೆ ಬೇಕು.

ಮಳೆಗಾಲದಲ್ಲಿ ಕರಿದ ಕೊಳವೆಯೂ ಬಯಲಲ್ಲಿ ಗಂಟೆಯೊಳಗೆ ಮೆತ್ತಗಾಗುತ್ತದೆ. ಆರಿದ ಕೂಡಲೇ ಬಿಗಿ ಡಬ್ಬಿಗೆ. ಪುಣೆಗೆ ಒಯ್ಯುವುದಾದರೆ ಕೊಳವೆ ಒಂದು ಡಬ್ಬಿ, ಹೂರಣ ಪೈಪಿಂಗ್ ಬ್ಯಾಗಿನಲ್ಲಿ ಐಸ್ ಮೇಲೆ, ತುಂಬುವುದು ತಟ್ಟೆ ಕೈಗೆ ಬಂದ ಮೇಲೆಯೇ. ಒಳಮೈಗೆ ಚಾಕೊಲೇಟ್ ಬಳಿದರೆ ಒಂದೆರಡು ಗಂಟೆ ಹೆಚ್ಚು ತಡೆಯುತ್ತದೆ.

ಅಂಗಡಿ ಯಾವುದು ಅಂತ ಕೇಳಿದಿರಿ. ಹೆಸರಿಗಿಂತ ಇದನ್ನು ನೋಡಿ: ಗಾಜಿನ ಪೆಟ್ಟಿಗೆಯಲ್ಲಿ ತುಂಬಿಸಿಟ್ಟ ಕನ್ನೋಲಿ ಸಾಲಾಗಿ ಇದ್ದರೆ ಕಾಫಿ ಕುಡಿದು ಬನ್ನಿ. ಕೇಳಿದ ಮೇಲೆ ತುಂಬಿಸಿ ಕೊಡುತ್ತೀರಾ, ಒಳಗೆ ರಿಕೊಟ್ಟಾನಾ ಕ್ರೀಮಾ, ಇವೆರಡಕ್ಕೆ ತಡವರಿಸದೆ ಉತ್ತರ ಬಂದರೆ ಮೊದಲು ಒಂದೇ ಒಂದು ಕೊಳ್ಳಿ. ಇನ್ನು ಗೋವಾದವರೊಬ್ಬರು ಪಾಸ್ಟೆಲ್ ದ ನಾಟಾದ (ಮೊಟ್ಟೆ ಕಸ್ಟರ್ಡಿನ ಟಾರ್ಟ್) ಫೋಟೋ ಹಾಕಿ ಇಟಾಲಿಯನ್ ಅಂದಿದ್ದಾರೆ. ಮಾರಾಯ್ರೇ, ಅದು ಪೋರ್ಚುಗೀಸರದ್ದು.