ಕೈಕೊಡುತ್ತಿರುವ ಡಿಸ್ಕಿಗೆ ಮೊದಲು ನಕಲು, ಆಮೇಲೆ ದುರಸ್ತಿ

ಮೇಷ್ಟ್ರೇ, ನಮ್ಮ ಗುಂಪಿನಲ್ಲಿ ನೀವು ನಿನ್ನೆ ಹಾಕಿದ ಬರಹವನ್ನೂ ಅದರ ಕೆಳಗೆ ಬಂದಿರುವ ಸಲಹೆಗಳನ್ನೂ ಓದಿ ಇದನ್ನು ಬರೆಯುತ್ತಿದ್ದೇನೆ. ವಿಂಡೋಸ್ 11 ಹಾಕಿಸುವ ಮೊದಲು ಲ್ಯಾಪ್‌ಟಾಪಿನಲ್ಲಿದ್ದ ಫೋಟೊ, ದಾಖಲೆಗಳನ್ನೆಲ್ಲ ಕಟ್ ಮಾಡಿ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದಿರಿ. ಆ ಡಿಸ್ಕು ಎರಡು ವಾರಗಳಿಂದ ನಿಧಾನವಾಗಿ ತೆರೆದುಕೊಳ್ಳುತ್ತಿತ್ತು, ಕೆಲವು ಫೋಲ್ಡರುಗಳು ತೆರೆಯಲೇ ಇಲ್ಲ. ನೀವು ಎರಡು ಸಲ ವಿಂಡೋಸಿನ ಡಿಸ್ಕ್ ತಪಾಸಣೆ ಸಾಧನವಾದ ಚೆಕ್‌ಡಿಸ್ಕ್ ಓಡಿಸಿದಿರಿ, ಎರಡನೆಯ ಸಲ ಅದು ನಡುವೆಯೇ ನಿಂತುಹೋಯಿತು. ಈಗ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಕೇಳುತ್ತಿದೆ. ಗುಂಪಿನ ಒಬ್ಬರು ಹೇಳಿದಂತೆ ಇಂದು ರಾತ್ರಿ ಕ್ವಿಕ್ ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸುವುದೆಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಓದುವ ಹೊತ್ತಿಗೆ ಡಿಸ್ಕು ಕಂಪ್ಯೂಟರಿನಲ್ಲಿದ್ದರೆ ಮೊದಲು ಅದನ್ನು ಬಿಚ್ಚಿಟ್ಟು, ಅನಂತರ ಮುಂದಕ್ಕೆ ಓದಿ.

ನಕಲು ತೆಗೆಯದೆ ದುರಸ್ತಿಗೆ ಇಳಿಯುವ ಇದೇ ತಪ್ಪನ್ನು ನಾನು 2016ರಲ್ಲಿ ಮಾಡಿದ್ದೇನೆ. ನನ್ನ ತಂದೆಯವರು ತಮ್ಮ ಊರಿನ ಕೆರೆ, ದೇವಸ್ಥಾನ, ಮನೆತನಗಳ ಬಗ್ಗೆ ನಿವೃತ್ತಿಯ ನಂತರ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಇನ್ನೂರಕ್ಕೂ ಹೆಚ್ಚು ಪುಟಗಳು ಹಾಗೂ ಅವರ ಷಷ್ಟಿಪೂರ್ತಿಯ ಫೋಟೊಗಳು ಒಂದೇ ಡಿಸ್ಕಿನಲ್ಲಿದ್ದವು. ಕಾಪಿ ನಡೆಯುತ್ತಿರುವಾಗ ಕರೆಂಟು ಹೋಯಿತು. ಮರುದಿನ ನಾನು ಯೋಚಿಸದೆ ಚೆಕ್‌ಡಿಸ್ಕ್ ಓಡಿಸಿದೆ. ಕಪ್ಪು ಪರದೆಯ ಮೇಲೆ ಇಂಡೆಕ್ಸಿನಿಂದ ಇಂಥ ನಮೂದನ್ನು ಅಳಿಸಲಾಗುತ್ತಿದೆ ಎಂಬ ಸಾಲುಗಳು ಒಂದರ ಹಿಂದೆ ಒಂದು ಓಡತೊಡಗಿದವು. ಅವುಗಳಲ್ಲಿ ಷಷ್ಟಿಪೂರ್ತಿಯ ಫೋಟೊಗಳ ಹೆಸರುಗಳನ್ನು ನಾನು ಕಣ್ಣಾರೆ ಓದಿದೆ. ದುರಸ್ತಿ ನಡೆಯುತ್ತಿದೆ ಎಂದು ನಂಬಿ ಕೊನೆಯವರೆಗೂ ಸುಮ್ಮನೆ ಕುಳಿತಿದ್ದೆ.

ಚೆಕ್‌ಡಿಸ್ಕ್ ಕೆಟ್ಟ ಸಾಧನವೆಂದು ನಾನು ಹೇಳುತ್ತಿಲ್ಲ. ಅದು ಡಿಸ್ಕಿನ ಕಡತಪಟ್ಟಿಯ ಲೆಕ್ಕವನ್ನು ಸರಿಹೊಂದಿಸಲು ಇರುವುದೇ ಹೊರತು ನಿಮ್ಮ ಕಡತಗಳನ್ನು ಉಳಿಸಿಕೊಡಲು ಅಲ್ಲ. ಲೆಕ್ಕಕ್ಕೆ ಸಿಗದ ನಮೂದನ್ನು ಅದು ಅಳಿಸಿಹಾಕುತ್ತದೆ, ದಿಕ್ಕಿಲ್ಲದ ತುಣುಕುಗಳನ್ನು ಹೆಸರಿಲ್ಲದ ಫೈಲ್‌ಗಳಾಗಿ ಬೇರೊಂದು ಫೋಲ್ಡರಿಗೆ ತಳ್ಳುತ್ತದೆ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಇದರಿಂದ ಪ್ರಯೋಜನವಿದೆ. ಆದರೆ ಸೆಕ್ಟರುಗಳೇ (ಮಾಹಿತಿ ಇರುವ ಪುಟ್ಟ ಖಾನೆಗಳೇ) ಸಾಯುತ್ತಿರುವ ಡಿಸ್ಕಿನಲ್ಲಿ, ಕೆಟ್ಟ ಸೆಕ್ಟರು ಹುಡುಕುವ ಆರ್ ಸ್ವಿಚ್ ಹಾಕಿ ಓಡಿಸಿದರೆ, ಅದು ಮೊದಲೇ ಬಳಲಿರುವ ಹೆಡ್ಡನ್ನು (ಡಿಸ್ಕಿನ ತಟ್ಟೆಯನ್ನು ಓದುವ ತುದಿಯನ್ನು) ಇಡೀ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಎಳೆದಾಡಿಸುತ್ತದೆ, ಜೊತೆಗೆ ಡಿಸ್ಕಿನ ಮೇಲೆ ಬರೆಯುತ್ತಲೂ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಫೋಟೊಗಳನ್ನು ಮುಟ್ಟುವುದಿಲ್ಲ ಎಂದು ಆ ಸದಸ್ಯರು ಬರೆದಿರುವುದು ಅರ್ಧ ಸತ್ಯ ಮಾತ್ರ. ಹೊಸ ಕಡತಪಟ್ಟಿಯು ಹಳೆಯದರ ಮೇಲೆಯೇ ಬಂದು ಕೂರುವ ಸಾಧ್ಯತೆ ಹೆಚ್ಚು. ಹಾಗಾದರೆ ಹೆಸರು, ಫೋಲ್ಡರು, ತಾರೀಖುಗಳ ಸುಳಿವು ಅಲ್ಲಿಗೇ ಹೋಗುತ್ತದೆ. ಕೈತಪ್ಪಿ ಕ್ವಿಕ್ ಎಂಬ ಟಿಕ್ ತೆಗೆದುಬಿಟ್ಟರಂತೂ, ವಿಸ್ಟಾದಿಂದೀಚಿನ ಎಲ್ಲ ವಿಂಡೋಸ್‌ಗಳಲ್ಲಿ ಪೂರ್ಣ ಫಾರ್ಮ್ಯಾಟ್ ಎಂದರೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುವುದು ಎಂದೇ ಅರ್ಥ. ಅದರ ನಂತರ ಯಾರಿಂದಲೂ ಏನೂ ಆಗುವುದಿಲ್ಲ.

ಮೊದಲು ಶಬ್ದ ಕೇಳಿಸಿಕೊಳ್ಳಿ. ಟಕ್, ಟಕ್ ಎಂದು ಒಂದೇ ಲಯದಲ್ಲಿ ಬರುತ್ತಿದ್ದರೆ ಕೇಬಲ್ಲನ್ನು ಮತ್ತು ಪೋರ್ಟನ್ನು ಒಮ್ಮೆ ಮಾತ್ರ ಬದಲಿಸಿ ನೋಡಿ. ಯುಎಸ್‌ಬಿ 2 ಪೋರ್ಟು 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟು 900 ಮಿಲಿಆಂಪಿಯರ್ ಕೊಡುವಂತೆ ರೂಪಿಸಿರುವುದರಿಂದ, ಯುಎಸ್‌ಬಿ ಹಬ್‌ಗೋ ಡೆಸ್ಕ್‌ಟಾಪಿನ ಮುಂಭಾಗದ ಹಳೆಯ ಪೋರ್ಟಿಗೋ ಚುಚ್ಚಿದ ಡಿಸ್ಕು ಶಕ್ತಿ ಸಾಲದೆಯೂ ಹಾಗೆ ಶಬ್ದ ಮಾಡುವುದುಂಟು. ಬದಲಿಸಿದ ಮೇಲೂ ಟಕ್ ಎಂದರೆ ಅಲ್ಲಿಗೆ ನಿಲ್ಲಿಸಿ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ರಿಕವರಿ ಸಂಸ್ಥೆಗೆ ಕೊಡಿ. ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಡಿಸ್ಕನ್ನು ಫ್ರೀಜರಿನಲ್ಲಿಡಿ ಎಂದು ಇನ್ನೊಬ್ಬರು ಬರೆದಿದ್ದಾರೆ. ಹೊರಗೆ ತೆಗೆದೊಡನೆ ಒಳಗೆ ತೇವ ಕಟ್ಟುತ್ತದೆ. ಹೆಡ್ಡು ಮತ್ತು ತಟ್ಟೆಯ ನಡುವಿನ ಅಂತರ ನ್ಯಾನೋಮೀಟರುಗಳ ಲೆಕ್ಕದ್ದು. ಅಲ್ಲಿ ತೇವವಿದ್ದರೆ ತಟ್ಟೆಯೇ ಹಾಳಾಗುತ್ತದೆ. ಇಂಥ ಸಲಹೆಯನ್ನು ಇನ್ನೊಬ್ಬರ ಮನೆಯ ನೆನಪುಗಳ ಮೇಲೆ ಪ್ರಯೋಗಿಸಲು ಹೇಳುವುದು ತಪ್ಪೆಂದು ನಾನು ನೇರವಾಗಿಯೇ ಹೇಳುತ್ತೇನೆ.

ವಿಚಿತ್ರ ಶಬ್ದವಿಲ್ಲದಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದು, ಕೆಟ್ಟ ಸೆಕ್ಟರುಗಳ ಲೆಕ್ಕ ಹೇಳುವ 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ನೋಡಿ. ಬಲತುದಿಯ ಅಂಕಿಗಳು ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಇರುತ್ತವೆ. ಅಲ್ಲಿ 10 ಎಂದರೆ ಹದಿನಾರು. ಸಿ5 ಎಂದರೆ ಓದಲಾಗದೆ ಬಾಕಿ ಉಳಿದಿರುವ ಸೆಕ್ಟರುಗಳು. ಅದು ಸೊನ್ನೆಯಲ್ಲದಿದ್ದರೆ ಆ ಡಿಸ್ಕನ್ನು ರೋಗಿಯೆಂದೇ ತಿಳಿಯಿರಿ. ಸಿ7 ಮಾತ್ರ ಏರಿದ್ದರೆ ಸಾಮಾನ್ಯವಾಗಿ ದೋಷವಿರುವುದು ಕೇಬಲ್ಲಿನಲ್ಲಿ ಅಥವಾ ಕನೆಕ್ಷನ್ನಿನಲ್ಲಿ. ಕೆಲವು ಡಿಸ್ಕುಗಳ ಯುಎಸ್‌ಬಿ ಬೋರ್ಡು ಈ ಮಾಹಿತಿಯನ್ನು ದಾಟಿಸುವುದೇ ಇಲ್ಲ. ಏನೂ ಕಾಣಲಿಲ್ಲವೆಂದು ಡಿಸ್ಕು ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ.

ನಾನು ಈಗ ಅನುಸರಿಸುವ ಕ್ರಮ ಹೀಗಿದೆ: ಮೊದಲು ಇಡೀ ಡಿಸ್ಕಿನ ಇಮೇಜ್ (ಪ್ರತಿ ಸೆಕ್ಟರಿನ ನಕಲೂ ಇರುವ ಒಂದೇ ಫೈಲ್) ತೆಗೆಯುವುದು, ಅನಂತರ ಏನು ಮಾಡಿದರೂ ಆ ಇಮೇಜಿನ ಮೇಲೆ ಮಾಡುವುದು. ಇದಕ್ಕೆ ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಅದು ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಎತ್ತಿಕೊಂಡು, ತೊಡಕಿನ ಜಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಅನ್ನು ಪೆನ್‌ಡ್ರೈವಿಗೆ ಬರೆದುಕೊಂಡು ಅದರಿಂದಲೇ ಕಂಪ್ಯೂಟರು ಶುರುವಾಗುವಂತೆ ಬೂಟ್ ಮಾಡಿದರೆ ಡಿಡಿರೆಸ್ಕ್ಯೂ ಮತ್ತು ಡಿಸ್ಕಿನ ವಿಭಾಗಗಳನ್ನು (ಪಾರ್ಟಿಷನ್) ಸರಿಪಡಿಸುವ ಟೆಸ್ಟ್‌ಡಿಸ್ಕ್ ಎರಡೂ ಅದರಲ್ಲೇ ಸಿಗುತ್ತವೆ. ಇಮೇಜ್ ಇಡಲು 2 ಟಿಬಿಯ ಬೇರೊಂದು ಡಿಸ್ಕು ಬೇಕು, ಏಕೆಂದರೆ ನಿಮ್ಮ ಡಿಸ್ಕಿನಲ್ಲಿ 300 ಜಿಬಿ ಮಾತ್ರ ತುಂಬಿದ್ದರೂ ಇಮೇಜ್ 1 ಟಿಬಿಯದೇ ಆಗುತ್ತದೆ. ಆ ಡಿಸ್ಕು ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಪೆನ್‌ಡ್ರೈವಿನಿಂದ ಬೂಟ್ ಮಾಡುವ ಮೊದಲು ಒಂದು ಎಚ್ಚರಿಕೆಯಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಶುರುಮಾಡಿದ ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ನಮಗೆ ತಿಳಿಯದಂತೆಯೇ ಆನ್ ಆಗಿರಬಹುದು. ಪೆನ್‌ಡ್ರೈವಿನಿಂದ ಬೂಟ್ ಮಾಡಲೆಂದು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗ್ ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಡಿಸ್ಕು ಉಳಿಸಲು ಹೋಗಿ ಲ್ಯಾಪ್‌ಟಾಪಿನಿಂದಲೇ ಹೊರಗುಳಿದವರನ್ನು ನಾನು ನೋಡಿದ್ದೇನೆ.

ಡಿಡಿರೆಸ್ಕ್ಯೂ ಆಜ್ಞೆಯಲ್ಲಿ ಮೊದಲು ಬರುವುದು ರೋಗಿ ಡಿಸ್ಕು, ಎರಡನೆಯದು ಇಮೇಜಿನ ಹೆಸರು, ಮೂರನೆಯದು ಮ್ಯಾಪ್ ಫೈಲ್. ಈ ಕ್ರಮ ಅದಲುಬದಲಾದರೆ ಇದ್ದದ್ದೂ ಹೋಗುತ್ತದೆ. ಆದ್ದರಿಂದ ಎಂಟರ್ ಒತ್ತುವ ಮೊದಲು ಎರಡೂ ಡಿಸ್ಕುಗಳ ಗಾತ್ರ ಮತ್ತು ಮಾಡೆಲ್ ಸಂಖ್ಯೆಯನ್ನು ಮನೆಯ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿ; ನಾನು ಈಗಲೂ ಹಾಗೆಯೇ ಮಾಡುತ್ತೇನೆ. ಮೊದಲ ಸುತ್ತಿನಲ್ಲಿ ಎನ್ ಆಯ್ಕೆ ಹಾಕಿ, ಕೆಟ್ಟ ಜಾಗಗಳನ್ನು ಕೆರೆಯದೆ ಬಿಟ್ಟು ಬರುವಂತೆ ಮಾಡಿ. ಅದು ಮುಗಿದ ಮೇಲೆಯೇ ಮೂರು ಮರುಪ್ರಯತ್ನಗಳ ಎರಡನೆಯ ಸುತ್ತು. ಆರೋಗ್ಯವಾದ 1 ಟಿಬಿ ಡಿಸ್ಕು ಸೆಕೆಂಡಿಗೆ 100 ಎಂಬಿಯಂತೆ ಓದಿದರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. 2021ರಲ್ಲಿ ನನ್ನ ತಂಗಿಯ ಡಿಸ್ಕು ಶುಕ್ರವಾರ ಸಂಜೆ ಶುರುವಾಗಿ ಭಾನುವಾರ ಬೆಳಿಗ್ಗೆಯವರೆಗೂ ಓಡಿತು. ಡಿಸ್ಕಿಗೆ ಟೇಬಲ್ ಫ್ಯಾನಿನ ಗಾಳಿ ಬಿಟ್ಟು, ಲ್ಯಾಪ್‌ಟಾಪು ನಿದ್ರೆಗೆ ಜಾರದಂತೆ ಸೆಟ್ ಮಾಡಿ, ರಾತ್ರಿ ಎರಡು ಸಲ ಎದ್ದು ನೋಡಿದ್ದೆ. ಕೊನೆಗೆ ಓದಲಾಗದೆ ಉಳಿದದ್ದು 38 ಎಂಬಿ ಮಾತ್ರ. ಐದು ಫೋಟೊಗಳ ಕೆಳಗಿನ ಅರ್ಧ ಬೂದಿ ಬಣ್ಣವಾಗಿತ್ತು, ಉಳಿದ ಫೋಟೊಗಳೆಲ್ಲ ತೆರೆದವು. ವೇಗ ಗಂಟೆಗಟ್ಟಲೆ ಮೇಲೇಳದಿದ್ದರೆ ಅಥವಾ ನಡುವೆ ಡಿಸ್ಕು ಟಕ್ ಎನ್ನತೊಡಗಿದರೆ ಮಾತ್ರ ಹಟ ಮಾಡದೆ ನಿಲ್ಲಿಸಿ, ಮ್ಯಾಪ್ ಫೈಲ್ ಸಮೇತ ವೃತ್ತಿಪರರಿಗೆ ಕೊಡಿ.

ಇಮೇಜ್ ಕೈಗೆ ಬಂದ ಮೇಲೆ ಅದರ ಇನ್ನೊಂದು ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ. ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ (ಮೊದಲ ಸೆಕ್ಟರಿನ) ಒಂದು ನಕಲನ್ನು ಪಾರ್ಟಿಷನ್ನಿನ ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ. ಎಷ್ಟೋ ಸಲ ಅದನ್ನು ಮರಳಿ ಮುಂದೆ ತಂದರೆ ಸಾಕು, ಫೋಲ್ಡರುಗಳು ಹೆಸರಿನೊಂದಿಗೆ ಕಾಣಿಸಿಕೊಳ್ಳುತ್ತವೆ. ಅದು ಫಲಿಸದಿದ್ದರೆ ಮಾತ್ರ ಫೋಟೊರೆಕ್ ಎಂಬ ರಿಕವರಿ ತಂತ್ರಾಂಶ. ಅದು ಫೈಲ್‌ಗಳನ್ನು ಅವುಗಳ ಒಳಗಿನ ಗುರುತಿನಿಂದ ಹುಡುಕುವುದರಿಂದ ಹಳೆಯ ಹೆಸರು, ಫೋಲ್ಡರು ಯಾವುದೂ ಬರುವುದಿಲ್ಲ. ಸಿಕ್ಕಿದ ಫೈಲ್‌ಗಳನ್ನು ರೋಗಿ ಡಿಸ್ಕಿಗೇ ಉಳಿಸಬೇಡಿ. 2016ರಲ್ಲಿ ನಾನು ಅದನ್ನೂ ಮಾಡಿದ್ದೆ. ಸಿಕ್ಕಿದ ಒಂದೊಂದು ಫೋಟೊವೂ ಇನ್ನೂ ಸಿಗದಿದ್ದವುಗಳ ಮೇಲೆ ಬರೆಯಲ್ಪಟ್ಟಿತು.

ನಿಮ್ಮಲ್ಲೂ ಹಳೆಯ ಪ್ರಶ್ನೆಪತ್ರಿಕೆಗಳು ಹಾಗೂ ನಾಟಕಗಳು ಇವೆ ಎಂದು ಬರೆದಿರುವುದರಿಂದ ಈ ಮಾತನ್ನು ವಿಶೇಷವಾಗಿ ಹೇಳಬೇಕು. ಫೋಟೊರೆಕ್‌ನಿಂದ ಬಂದ ವರ್ಡ್ ಫೈಲ್‌ಗಳನ್ನು ತೆರೆದಾಗ ನನಗೆ ಕಂಡದ್ದು ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆಗಳು. ಫೈಲ್ ಕೆಟ್ಟಿದೆ ಎಂದುಕೊಂಡು ನಲವತ್ತರಷ್ಟನ್ನು ನನ್ನ ಕೈಯಾರೆ ಅಳಿಸಿದೆ. ಅವು ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಹಾಗೆಯೇ ಕಾಣುತ್ತವೆ, ನ ಅಕ್ಷರವಿದ್ದಲ್ಲಿ ಪೌಂಡ್ ಚಿಹ್ನೆ ಬರುತ್ತದೆ. ನುಡಿ 01 ಇ ಫಾಂಟನ್ನು ಹಾಕಿದೊಡನೆ ಉಳಿದ ಫೈಲ್‌ಗಳಲ್ಲಿ ಅಪ್ಪನ ವಾಕ್ಯಗಳು ಹಾಗೆಯೇ ಎದ್ದು ಬಂದವು. ಅಳಿಸಿದ ಆ ನಲವತ್ತರಲ್ಲಿ ಕೆರೆಯ ಅಧ್ಯಾಯವಿತ್ತು. ಆದ್ದರಿಂದ ಅಂಥ ಅಕ್ಷರ ಕಂಡರೆ ಏನನ್ನೂ ಅಳಿಸಬೇಡಿ. ನಿಧಾನವಾಗಿ ಕನ್ವರ್ಟರ್ ಬಳಸಿ ಯೂನಿಕೋಡಿಗೆ ಬದಲಿಸಿ, ಮೂಲ ಫೈಲನ್ನೂ ಇಟ್ಟುಕೊಳ್ಳಿ.

ನನ್ನ ಆ ಡಿಸ್ಕು ಯಾವ ಕಂಪನಿಯದೆಂದು ಕೆಲವರು ಕೇಳುತ್ತಾರೆ. ಅದು ಮುಖ್ಯವಲ್ಲ. ಇಂದು ಹಾರ್ಡ್ ಡಿಸ್ಕ್ ತಯಾರಿಸುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂರೇ ಕಂಪನಿಗಳು. ಮೂರರ ಡಿಸ್ಕುಗಳೂ ಸಾಯುತ್ತವೆ. ಕೊಳ್ಳುವಾಗ ಒಂದು ವಿಷಯ ಮಾತ್ರ ಗಮನಿಸಿ. ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್‌ನಂಥ ಹಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಕನೆಕ್ಟರು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ, ಎನ್‌ಕ್ರಿಪ್ಷನ್ನೂ ಅಲ್ಲೇ ಇರುತ್ತದೆ. ಪೆಟ್ಟಿಗೆಯಿಂದ ಬಿಚ್ಚಿ ಕಂಪ್ಯೂಟರಿನ ಒಳಗಿನ ಸಾಟಾ ಕನೆಕ್ಟರಿಗೆ ಜೋಡಿಸುವ ಉಪಾಯ ಅವುಗಳಲ್ಲಿ ನಡೆಯದು. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 2.5 ಇಂಚಿನ ಸಾಟಾ ಡಿಸ್ಕು ಮತ್ತು ಕೇಸ್ ಬೇರೆಬೇರೆಯಾಗಿ ಬಿಲ್ ಸಮೇತ ಕೊಳ್ಳುತ್ತೇನೆ. ತುಂಬ ಅಗ್ಗಕ್ಕೆ ಸಿಗುವ 2 ಟಿಬಿ ಪೆನ್‌ಡ್ರೈವುಗಳ ಹತ್ತಿರವೂ ಸುಳಿಯಬೇಡಿ, ಸಾಮಾನ್ಯವಾಗಿ ಅವುಗಳ ಗಾತ್ರವೇ ಸುಳ್ಳು. ಹೊಸದಾಗಿ ಕೊಂಡ ಯಾವುದೇ ಪೆನ್‌ಡ್ರೈವನ್ನು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ.

   ಕಾಪಿ ನಡೆಯುವಾಗ ಕರೆಂಟು ಹೋಗುವುದುಂಟಲ್ಲ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೋಡ್ ಸ್ವಿಚ್ಚು ಯುಪಿಎಸ್ ಕಡೆಗಿದೆಯೇ ನೋಡಿ. ಇನ್ನೊಂದು ಮೋಡಿನಲ್ಲಿದ್ದರೆ ಬೆಸ್ಕಾಂ ಕರೆಂಟು ಹೋದ ಕ್ಷಣದಲ್ಲಿ ಡೆಸ್ಕ್‌ಟಾಪು ರೀಸ್ಟಾರ್ಟ್ ಆಗಬಹುದು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಗುಂಪಿನಲ್ಲಿ ಅನೇಕರು ನಿಮ್ಮಂತೆಯೇ ಎಲ್ಲವನ್ನೂ ಒಂದೇ ಡಿಸ್ಕಿಗೆ ಕಟ್-ಪೇಸ್ಟ್ ಮಾಡಿ ಲ್ಯಾಪ್‌ಟಾಪು ಖಾಲಿ ಮಾಡುತ್ತಿದ್ದಾರೆ. ಹಾಗೆ ಮಾಡಿದಾಗ ಉಳಿಯುವುದು ಒಂದೇ ಪ್ರತಿ, ಅದು ಬ್ಯಾಕಪ್ ಅಲ್ಲ. ಕಾಪಿ ಮಾಡಿ, ಹತ್ತಾರು ಫೈಲ್‌ಗಳನ್ನು ತೆರೆದು ನೋಡಿ, ಇನ್ನೊಂದು ಡಿಸ್ಕಿಗೂ ಹಾಕಿ, ಆಮೇಲೆ ಲ್ಯಾಪ್‌ಟಾಪು ಮುಟ್ಟಿ. ನನ್ನ ಎರಡನೆಯ ಡಿಸ್ಕು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದೆ. ಯುಗಾದಿಗೆ, ದಸರೆಗೆ ಹೋದಾಗ ಬದಲಿಸಿಕೊಂಡು ಬರುತ್ತೇನೆ. ನಕಲು ಮಾಡಲು ವಿಂಡೋಸಿನ ರೋಬೋಕಾಪಿ ಆಜ್ಞೆ ಬಳಸುವವರು ಮಿರರ್ ಸ್ವಿಚ್ ಹಾಕಬೇಡಿ, ಮೂಲದಲ್ಲಿ ಅಳಿಸಿದ್ದನ್ನು ಅದು ನಕಲಿನಲ್ಲೂ ಅಳಿಸುತ್ತದೆ. ಒನ್‌ಡ್ರೈವ್, ಗೂಗಲ್ ಫೋಟೋಸ್‌ಗಳಲ್ಲೂ ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ 2021ರ ಜೂನ್ 1ರಿಂದ ಹಾಕಿದ ಫೋಟೊಗಳು 15 ಜಿಬಿಯ ಲೆಕ್ಕಕ್ಕೇ ಸೇರುತ್ತವೆ ಎಂಬುದೂ ನೆನಪಿರಲಿ.

ಮೇಷ್ಟ್ರೇ, ಇಂದು ರಾತ್ರಿ ಡಿಸ್ಕನ್ನು ಬಿಚ್ಚಿ ಮೇಜಿನ ಡ್ರಾಯರಿನಲ್ಲಿಡಿ. ನಾಳೆ ಒಂದೇ ಒಂದು ಸಲ ಜೋಡಿಸಿ, ಫಾರ್ಮ್ಯಾಟ್ ಕೇಳಿದರೆ ಕ್ಯಾನ್ಸಲ್ ಒತ್ತಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಪರದೆಯ ಚಿತ್ರವನ್ನೂ ಡಿಸ್ಕಿನ ಮಾಡೆಲ್ ಸಂಖ್ಯೆಯನ್ನೂ ಇಲ್ಲಿ ಹಾಕಿ. ನನ್ನ ಬಳಿ ಖಾಲಿ 2 ಟಿಬಿ ಡಿಸ್ಕು ಒಂದಿದೆ. ಶನಿವಾರ ಬನಶಂಕರಿ ಮೆಟ್ರೋ ನಿಲ್ದಾಣದ ಬಳಿ ತಂದುಕೊಡುತ್ತೇನೆ, ಕೆಲಸ ಮುಗಿದ ಮೇಲೆ ಹಿಂತಿರುಗಿಸಿದರೆ ಸಾಕು. ಆಜ್ಞೆ ಬರೆಯುವಾಗ ಫೋನಿನಲ್ಲಿ ಜೊತೆಗಿರುತ್ತೇನೆ.