ಏರುಮಡಿಗೆ ಹಲಗೆಯಾ, ಇಟ್ಟಿಗೆಯಾ? ನನ್ನ ಕೇಳಿದರೆ ಎರಡೂ ಬೇಡ

ಮೂಡಿಗೆರೆಯ ಹಿತ್ತಲಲ್ಲಿ ತರಕಾರಿಗೆ ಆರು ಏರುಮಡಿ (ನೆಲಕ್ಕಿಂತ ಎತ್ತರಿಸಿದ ಪಾತಿ), ಸುತ್ತ ಸಿಲ್ವರ್ ಓಕ್ ಹಲಗೆಯಾ ಇಟ್ಟಿಗೆಯಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನೂ ಟೇಪು ಹಿಡಿದು ಹಿತ್ತಲ ತುಂಬಾ ಹೀಗೇ ಓಡಾಡಿದ್ದೆ.

ತೋಟದಲ್ಲಿ ಕಡಿದ ಸಿಲ್ವರ್ ಓಕ್ ಬಿದ್ದಿತ್ತು. ಹಲಗೆ ಕೊಯ್ಯಿಸಿ 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ನಾಲ್ಕು ಪೆಟ್ಟಿಗೆ ಮಾಡಿಸಿದೆ. ನೋಡೋಕೆ ಚೆಂದವೇ. ಆದರೆ ಒಂದೊಂದಕ್ಕೂ 48 ಘನ ಅಡಿ ಮಣ್ಣು ಬೇಕು. ಎಲ್ಲಿಂದ ತರೋದು?

ಆಗ ಜಾಣತನ ಮಾಡಿದೆ. ಕಾಫಿ ಬೀಜದ ಸಿಪ್ಪೆ ಬಿಡಿಸುವ ಹಲ್ಲಿಂಗ್ ಮಿಲ್ಲಿನಿಂದ ಹೊಟ್ಟು ತಂದು ತಳಕ್ಕೆ ಒಂದು ಅಡಿ ಸುರಿದೆ, ಮೇಲೆ ಅರ್ಧ ಅಡಿ ಮಣ್ಣು. ಹಸಿ ಹೊಟ್ಟು, ಕೊಳೆತದ್ದಲ್ಲ. ಹೇಗಿದ್ದರೂ ಗೊಬ್ಬರ ಆಗುತ್ತಲ್ಲ ಅಂದುಕೊಂಡೆ. ಆಗುತ್ತೆ, ಆದರೆ ಆ ವರ್ಷ ಅಲ್ಲ. ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಹೊಟ್ಟಿನಲ್ಲಿ ಅದು ಸಾಲದು, ಹಾಗಾಗಿ ಮಣ್ಣಿನಲ್ಲಿದ್ದದ್ದನ್ನು ಎಳೆದುಕೊಳ್ಳುತ್ತವೆ. ಗಿಡಕ್ಕೆ ಉಪವಾಸ. ಮೂರೇ ವಾರಕ್ಕೆ ಹರಿವೆ ಹಳದಿ ತಿರುಗಿತು. ಮೂಲಂಗಿ ಗಡ್ಡೆ ಕಿರುಬೆರಳಿಗಿಂತ ದಪ್ಪ ಆಗಲೇ ಇಲ್ಲ. ನಾನು ಮಳೆ ಜಾಸ್ತಿ ಆಯ್ತು ಅಂತ ಆಕಾಶ ಬೈಯ್ಯುತ್ತಾ ಕೂತೆ. ಆಗಸ್ಟ್ ಹೊತ್ತಿಗೆ ಹೊಟ್ಟು ಕುಸಿದು ಮಣ್ಣು ಅಂಚಿಗಿಂತ ಗೇಣು ಕೆಳಗೆ. ನೀರು ಬಸಿಯಲಿ ಅಂತ ಮಾಡಿದ ಮಡಿಯಲ್ಲೇ ಬೀನ್ಸ್ ಬುಡ ಕೊಳೆಯಿತು.

ಪಕ್ಕದ ಗದ್ದೆಯಲ್ಲಿ ಶುಂಠಿ ಹಾಕಿದ್ದವರು ಬೇಲಿಯಾಚೆಯಿಂದ ನೋಡಿ, "ಶುಂಠಿ ಪಟ್ಟೆಗೆ ಯಾರಾದ್ರೂ ಹಲಗೆ ಹೊಡೀತಾರಾ ಸಾರ್?" ಅಂದರು. ನಾಚಿಕೆಯಾಯ್ತು. ಶುಂಠಿ ಪಟ್ಟೆ ಅಂದರೆ ಹಲಗೆಯಿಲ್ಲದ ಮಣ್ಣಿನ ಏರುಮಡಿಯೇ, ದಿನಾ ಕಣ್ಣೆದುರೇ ಇತ್ತಲ್ಲ!

ಅದಕ್ಕೇ ಹೇಳೋದು, ಹಲಗೆ, ಇಟ್ಟಿಗೆ ಎರಡೂ ಬೇಡ. 3 ಅಡಿ ಅಗಲಕ್ಕೆ ದಾರ ಹಿಡಿಯಿರಿ, ಎರಡೂ ಬದಿಯಿಂದ ಕೈ ಎಟುಕಬೇಕು. ಆಚೀಚೆ ಕಾಲುವೆ ತೋಡಿ, ಆ ಮಣ್ಣನ್ನೇ ಮೇಲೆ ಎಳೆಯಿರಿ. ಒಂದು ಅಡಿ ಎತ್ತರ ಧಾರಾಳ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕಾಲುವೆಗೆ ಇಳಿಜಾರು ಕೊಡೋದು ಮರೀಬೇಡಿ, ನಮ್ಮ ಜುಲೈ ಮಳೆ ಗೊತ್ತಲ್ಲ. ಬೇಸಿಗೆಯಲ್ಲಿ ಏರುಮಡಿ ಬೇಗ ಒಣಗುತ್ತೆ, ಒಣ ಎಲೆ ಮುಚ್ಚಿ. ನಿಮ್ಮ ಮನೆ ಅರಸೀಕೆರೆ ಕಡೆಯ ಒಣ ನೆಲದಲ್ಲಿ ಇದ್ದಿದ್ದರೆ ಏರುಮಡಿಯೇ ಬೇಡ, ನೀರು ನಿಲ್ಲೋ ಹಾಗೆ ನೆಲಕ್ಕಿಂತ ತಗ್ಗಿನಲ್ಲಿ ತಗ್ಗುಮಡಿ ಮಾಡಿ ಅಂತಿದ್ದೆ.

ಆರು ಮಡಿ ಅಂತೂ ಈಗಲೇ ಬೇಡ, ಎರಡು ಮಾಡಿ. ಕಳೆ ಕೀಳೋರು ನೀವೇ ತಾನೇ?

ನನ್ನ ಹೊಟ್ಟು ಎರಡನೇ ವರ್ಷ ಕಪ್ಪು ಗೊಬ್ಬರ ಆಯ್ತು, ಬಗೆದು ಹೊಸ ಪಟ್ಟೆಗೆ ಹಾಕಿದೆ. ಹಲಗೆಗೆ ಅಷ್ಟರಲ್ಲಿ ಗೆದ್ದಲು ಹಿಡಿದಿತ್ತು. ಉಳಿದದ್ದು ಬಚ್ಚಲ ಒಲೆಗೆ ಹೋಯಿತು.